ಹೋಸ್ಟಿಂಗ್ ಅಲ್ಲ ಸರ್, ಫೋಟೋಗಳ ತೂಕ

ಸರ್, ಹೋಂಸ್ಟೇ ಸೈಟಿನ ಮೊದಲ ಪುಟದಲ್ಲೇ 42 ಫೋಟೋಗಳ ಸ್ಲೈಡ್‌ಶೋ ಹಾಕಿದ್ದೀರಿ, ಅದೂ ಕ್ಯಾಮೆರಾದಿಂದ ಇಳಿಸಿದ ಹಾಗೇ. ಆಮೇಲೆ ಜನ ಪುಟ ತೆರೆದ ಕೂಡಲೇ ವಾಪಸ್ ಹೋಗ್ತಾರೆ, ಸೈಟ್ ಇಟ್ಟಿರುವ ಹೋಸ್ಟಿಂಗ್ ಕಂಪನಿ ಬದಲಿಸಲಾ ಅಂತ ಕೇಳಿದ್ದೀರಿ. ಅದಕ್ಕೆ ದುಡ್ಡು ಸುರಿಯಬೇಡಿ. ಇದೇ ತಪ್ಪು ನಾನೂ ಮಾಡಿದ್ದೆ.

ನನ್ನ ಹೋಂಸ್ಟೇ ಸೈಟಿನಲ್ಲಿ 30 ಫೋಟೋ, ಒಂದೊಂದು 8 ಎಂಬಿ. ಅಂದರೆ 240 ಎಂಬಿ. ಮನೆಯ ವೈಫೈನಲ್ಲಿ ಚಂದ ಓಡುತ್ತಿತ್ತು. ಜುಲೈನಲ್ಲಿ ಒಂದು ಸಂಜೆ ನಮ್ಮಲ್ಲಿಗೆ ಬರುತ್ತಿದ್ದ ಮೈಸೂರಿನ ಕುಟುಂಬವೊಂದು ಕೊಡಗಿನ ನಾಪೋಕ್ಲು ಹತ್ತಿರ ದಾರಿ ತಪ್ಪಿ, ನಮ್ಮ ನಂಬರಿಗಾಗಿ ಸೈಟ್ ತೆರೆದಿದೆ. ಜೋರು ಮಳೆ, ಸಿಗ್ನಲ್ ಒಂದೇ ಕಡ್ಡಿ. ನಂಬರ್ ಇದ್ದದ್ದು ಸ್ಲೈಡ್‌ಶೋ ಕೆಳಗೆ! ಮೊದಲ ಫೋಟೋ ಅರ್ಧ ಬಂದು ನಿಂತಿತಂತೆ. ಅವರು ಬೇರೆ ಕಡೆ ಉಳಿದರು. ಇಲ್ಲಿ ಕಡಂಬುಟ್ಟು, ಪಂದಿ ಕರಿ ಮಾಡಿಟ್ಟು ರಾತ್ರಿ ಹತ್ತರವರೆಗೆ ಕಾದೆವು.

ಆವತ್ತಿನಿಂದ ನನ್ನ ಪದ್ಧತಿ ಒಂದೇ. ಕಂಪ್ಯೂಟರಿನಲ್ಲಿ ಫೋಟೋ ನೋಡುವ, ಕಿರಿದು ಮಾಡುವ ಸಾಫ್ಟ್‌ವೇರ್ ಇರ್ಫಾನ್‌ವ್ಯೂ ತೆರೆದು ಕೀಬೋರ್ಡಿನಲ್ಲಿ B ಒತ್ತಿ, ಬ್ಯಾಚ್ (ಎಲ್ಲ ಫೋಟೋ ಒಟ್ಟಿಗೆ ಬದಲಿಸುವ ಕಿಟಕಿ) ಬರುತ್ತದೆ. ಉದ್ದದ ಬದಿ 1600 ಪಿಕ್ಸೆಲ್, ಜೆಪೆಗ್ ಕ್ವಾಲಿಟಿ 75. ನನ್ನ ಫೋಟೋಗಳು ಹೆಚ್ಚಾಗಿ 300 ಕೆಬಿ ಆಸುಪಾಸಿಗೆ ಇಳಿಯುತ್ತವೆ. ಕಾಫಿ ಗಿಡದ ಎಲೆ ತುಂಬಿದ ಫೋಟೋ ಮಾತ್ರ ಜಾಸ್ತಿ ತೂಗುತ್ತದೆ, ಅದಕ್ಕೆ 70 ಇಡಿ. ಹೊಸ ಫೋಲ್ಡರಿಗೇ ಸೇವ್ ಮಾಡಿ, ಇಲ್ಲದಿದ್ದರೆ ಒರಿಜಿನಲ್ ಹೋಯ್ತು. ಎಕ್ಸಿಫ್ (ಫೋಟೋ ಜೊತೆ ಉಳಿಯುವ ಕ್ಯಾಮೆರಾ ಮಾಹಿತಿ) ಟಿಕ್ ತೆಗೆಯಿರಿ, ಮನೆಯ ಲೊಕೇಶನ್ ಫೋಟೋದೊಳಗೆ ಕೂತಿರಬಹುದು. ಒಂದು ಮಾತು, ಈ ಸಾಫ್ಟ್‌ವೇರ್ ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಫ್ರೀ. ನಮ್ಮದು ವ್ಯಾಪಾರ, ಲೈಸೆನ್ಸ್ ತಗೊಳ್ಳಿ. ನಾಲ್ಕೈದೇ ಫೋಟೋ ಆದರೆ ಬ್ರೌಸರಿನಲ್ಲೇ ಓಡುವ ಸ್ಕ್ವೂಶ್ ಸೈಟ್ ಸಾಕು, ಇನ್ನೊಂದು ಫೋಟೋ ಫಾರ್ಮ್ಯಾಟ್ ಆದ ವೆಬ್‌ಪಿ ಕೂಡ ಮಾಡಿಕೊಡುತ್ತದೆ.

ಇನ್ನು 42 ಯಾಕೆ ಸರ್? ಅದರಲ್ಲಿ ಆರು ಒಂದೇ ಮಂಚದ್ದು! ಮೊದಲ ಪುಟಕ್ಕೆ ಐದು ಇಡಿ, ಉಳಿದದ್ದು ಗ್ಯಾಲರಿಗೆ. ಲೇಜಿ ಲೋಡಿಂಗ್ (ಕೆಳಗೆ ಸರಿಸಿದಾಗ ಮಾತ್ರ ಫೋಟೋ ಇಳಿಯುವುದು) ಹಾಕಿ, ಆದರೆ ಮೊದಲ ಫೋಟೋಗೆ ಬೇಡ, ಅದು ಬೇಗ ಕಾಣಬೇಕು. ಸ್ಲೈಡ್‌ಶೋ ಓಡಿಸಲು ನಾನು ಸ್ಪ್ಲೈಡ್ ಅನ್ನೋ ಸ್ಲೈಡರ್ ಕೋಡ್ ಬಳಸುತ್ತೇನೆ, ಹಗುರ. ವರ್ಡ್‌ಪ್ರೆಸ್ಸಿನಲ್ಲಿ ಮೂರು ಸ್ಲೈಡರ್ ಪ್ಲಗಿನ್ ಹಾಕಿಟ್ಟವರನ್ನೂ ನೋಡಿದ್ದೇನೆ. ಹಾಗೆ ಮಾಡಬೇಡಿ, ಒಂದು ಸಾಕು.

ತಾನಾಗೇ ಓಡುವುದನ್ನು ನಿಲ್ಲಿಸಿ. ಓಡಲೇಬೇಕು ಅಂತಿದ್ದರೆ ನಿಲ್ಲಿಸುವ ಬಟನ್ ಕೊಡಿ. ಐದು ಸೆಕೆಂಡಿಗಿಂತ ಜಾಸ್ತಿ ತಾನಾಗೇ ಓಡುವುದನ್ನು ನಿಲ್ಲಿಸಲು ಬರಬೇಕು ಅಂತ ವೆಬ್ ಆಕ್ಸೆಸಿಬಿಲಿಟಿ ನಿಯಮಗಳಲ್ಲೇ ಇದೆ. ಅಡ್ಡ ಫೋಟೋ, ಉದ್ದ ಫೋಟೋ ಬೆರೆಸಬೇಡಿ, ಪುಟ ಕುಣಿಯುತ್ತದೆ. ಎಲ್ಲವನ್ನೂ ಅಗಲ-ಎತ್ತರ 3:2ಕ್ಕೆ ಕ್ರಾಪ್ ಮಾಡಿ. ವಾಟ್ಸಾಪಿನಲ್ಲಿ ಬಂದ ಫೋಟೋ ಬೇಡವೇ ಬೇಡ, ಅದು ಕುಗ್ಗಿ ಮಸುಕಾಗಿರುತ್ತದೆ. ತೆಗೆದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಾಂ, ಕಾಫಿ ಹೂವಿನ ಫೋಟೋ ಕೆಳಗೆ ತಿಂಗಳು ಬರೆಯಿರಿ. ಮಾರ್ಚ್‌-ಏಪ್ರಿಲ್‌ನಲ್ಲಿ ಮಳೆ ಬಿದ್ದ ಮೇಲೆ ನಾಲ್ಕು ದಿನ ಇರುವ ಹೂವು ಅದು. ನಮ್ಮಲ್ಲಿಗೆ ಆಗಸ್ಟಿನಲ್ಲಿ ಬಂದವರೊಬ್ಬರು ಕೊಡೆ ಹಿಡಿದು ತೋಟ ಪೂರ್ತಿ ಹುಡುಕಿದರು, ಆಮೇಲೆ ಜಿಗಣೆ ಕಿತ್ತಿದ್ದು ನಾನು.