ಜಾಹೀರಾತು ನಿಷೇಧ ಇದ್ದರೂ ಸಿಗರೇಟ್ ಕಂಪನಿಗಳು ಚಿಕ್ಕ ಅಂಗಡಿಗಳ ಮೂಲಕ ಪ್ರಚಾರ ಮಾಡುವುದು ಹೇಗೆ?

2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆ, ಟಿವಿ, ಪತ್ರಿಕೆಗಳಲ್ಲಿ ತಂಬಾಕು ಜಾಹೀರಾತನ್ನು ನಿಲ್ಲಿಸಿತು. ಮಾರುವ ಅಂಗಡಿಯಲ್ಲಿ ಮಾತ್ರ 60x45 ಸೆಂ.ಮೀ. ಬೋರ್ಡಿಗೆ ಅವಕಾಶ ಉಳಿಯಿತು. ಅದರಲ್ಲೂ ಬ್ರ್ಯಾಂಡ್ ಹೆಸರು ಹಾಕುವಂತಿಲ್ಲ. ಆದರೆ ಪ್ಯಾಕುಗಳನ್ನೇ ಸಾಲಾಗಿ ಜೋಡಿಸಿಟ್ಟರೆ ಬೋರ್ಡ್ ಯಾಕೆ ಬೇಕು, ಅಲ್ವಾ? ಲೈಟ್ ಹಾಕಿದ ಗಾಜಿನ ಸ್ಟ್ಯಾಂಡನ್ನು ಕಂಪನಿಯವರೇ ಕೊಡುವುದುಂಟು. ಎದುರಿಗೆ ಕಾಣುವ ಹಾಗೆ ಇಟ್ಟರೆ ಅಂಗಡಿಯವರಿಗೆ ದುಡ್ಡು ಅಥವಾ ಗಿಫ್ಟ್ ಕೂಡ. ಪಕ್ಕದಲ್ಲೇ ಚಾಕೊಲೇಟ್ ಡಬ್ಬಿ, ಅಂದರೆ ಮಕ್ಕಳ ಕಣ್ಣೂ ಅಲ್ಲೇ.

ನನಗೆ ಜಾಸ್ತಿ ಸಿಟ್ಟು ಬರುವುದು ಒಂದೊಂದೇ ಸಿಗರೇಟನ್ನು ಬಿಡಿಯಾಗಿ ಮಾರುವುದರ ಮೇಲೆ. ಪ್ಯಾಕಿನ ಮುಂದೆ, ಹಿಂದೆ 85% ಜಾಗದಲ್ಲಿ ಎಚ್ಚರಿಕೆಯ ಚಿತ್ರ ಮತ್ತು ಬರಹ ಇರುತ್ತದೆ. ಒಂದೇ ಸಿಗರೇಟ್ ಕೊಳ್ಳುವ ಹುಡುಗನಿಗೆ ಅದು ಕಾಣುವುದೇ ಇಲ್ಲ. ಕರ್ನಾಟಕದಲ್ಲಿ ಬಿಡಿಯಾಗಿ ಮಾರುವಂತಿಲ್ಲ. ಆದರೂ ಟೀ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ.