ಕಾಪು ಲೈಟ್‌ಹೌಸ್ ಎಷ್ಟು ಹಳೆಯದು? ಅದನ್ನು ಯಾಕೆ ಕಟ್ಟಿದರು?

ನೂರು ವರ್ಷ ದಾಟಿದೆ. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಕಾಪು ಕಡಲಲ್ಲಿ ಬಂಡೆಗಳು ಜಾಸ್ತಿ. ರಾತ್ರಿ ಹಡಗು ಅವಕ್ಕೆ ಬಡಿಯಬಾರದು ಅಂತಲೇ ಬಂಡೆಯ ಮೇಲೆ ಈ ದೀಪ ಇಟ್ಟರು.

ಮೊದಲು ಉರಿಯುತ್ತಿದ್ದದ್ದು ಸೀಮೆಎಣ್ಣೆ ದೀಪ. ಅಷ್ಟು ಸಣ್ಣ ಬೆಳಕು ದೂರ ಹೋಗೋದು ಹೇಗೆ ಅಲ್ವಾ? ಗುಟ್ಟು ಗಾಜಿನಲ್ಲಿದೆ. ದೀಪದ ಸುತ್ತ ಬಳೆಬಳೆಯಾಗಿ ಜೋಡಿಸಿದ ಪಟ್ಟಕಗಳು ಚದುರುವ ಬೆಳಕನ್ನು ಬಾಗಿಸಿ ಸಮುದ್ರದ ಕಡೆಗೆ ನೇರ ಕಳಿಸುತ್ತವೆ. ಒಂದೊಂದು ಲೈಟ್‌ಹೌಸ್ ಮಿನುಗುವ ರೀತಿಯೂ ಬೇರೆ. ಅದನ್ನು ಎಣಿಸಿಯೇ ನಾವಿಕರು ಜಾಗ ಗುರುತಿಸುತ್ತಾರೆ.

ನಾವು ತೀರ್ಥಹಳ್ಳಿಯವರು, ಆಗುಂಬೆ ಘಾಟಿ ಇಳಿದೇ ಹೋಗುತ್ತೇವೆ. ನೀವು ಸಂಜೆ ಹೋಗಿ. ಮೇಲೆ ಹತ್ತಿದರೆ ಉಪ್ಪು ಗಾಳಿ ಮುಖಕ್ಕೆ ರಪ್ಪನೆ ಬಡಿಯುತ್ತದೆ, ಕೆಳಗೆ ಕಪ್ಪು ಬಂಡೆಗಳ ಮೇಲೆ ನೊರೆ ಒಡೆಯುವುದು ಕಾಣುತ್ತದೆ.