ವಾಹನ ತಡೆಯುವುದಕ್ಕಿಂತ ಮೊದಲು ಮರಕ್ಕೆ ಪಾತಿ

ಪ್ರಶ್ನೆ: ನಮ್ಮದು ಜಯನಗರದ 30 ಅಡಿ ಅಗಲದ ಅಡ್ಡರಸ್ತೆ. ಎರಡೂ ಬದಿ ಕಾರುಗಳು ನಿಲ್ಲುವುದರಿಂದ ಮಕ್ಕಳಿಗೆ ಆಡಲು, ಹಿರಿಯರಿಗೆ ನಡೆಯಲು ಜಾಗವಿಲ್ಲ; ಹಳೆಯ ಹೊಂಗೆ ಮರಗಳ ಬುಡದವರೆಗೂ ಕಾಂಕ್ರೀಟ್ ಹಾಕಿದ್ದಾರೆ. ವಾಹನ ಸಂಚಾರವನ್ನೇ ನಿಲ್ಲಿಸಿ ಹೂಕುಂಡ, ಬೆಂಚುಗಳನ್ನು ಇಡೋಣವೆಂದರೆ ಕೆಲವರು ಒಪ್ಪುತ್ತಿಲ್ಲ. ಏನು ಮಾಡಬಹುದು?
– ಓದುಗರೊಬ್ಬರು, ಜಯನಗರ

ಉತ್ತರ: ಒಪ್ಪದವರ ಮಾತಿನಲ್ಲೂ ಹುರುಳಿದೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಕಸದ ಗಾಡಿ ಬರಲೇಬೇಕಾದ ಬೀದಿಯನ್ನು ಮುಚ್ಚುವುದು ಸರಿಯಲ್ಲ. ವಾಹನದ ವೇಗ ತಗ್ಗಿದರೆ ನಿಮ್ಮ ಉದ್ದೇಶ ಬಹುಮಟ್ಟಿಗೆ ಈಡೇರುತ್ತದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1960ರ ದಶಕದ ಕೊನೆಯಲ್ಲಿ ಆರಂಭವಾಗಿ, 1976ರಲ್ಲಿ ಕಾನೂನಿನ ಮನ್ನಣೆ ಪಡೆದ ‘ವೂನೆರ್ಫ್’ ಬೀದಿಗಳಲ್ಲಿ ಮರ, ಬೆಂಚು, ನಿಲುಗಡೆಯ ಜಾಗಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಂದಿಸಿರುವುದರಿಂದ ಕಾರು ನೇರವಾಗಿ ನುಗ್ಗಲಾಗದೆ ನಡಿಗೆಯ ವೇಗದಲ್ಲಿ ಸಾಗುತ್ತದೆ. ನೀವೂ ನಿಲುಗಡೆಯನ್ನು ಒಂದೇ ಬದಿಗೆ ಸೀಮಿತಗೊಳಿಸಿ, ಬೀದಿಯ ಅರ್ಧದಲ್ಲಿ ಆ ಬದಿಯನ್ನು ಬದಲಿಸಿ ನೋಡಬಹುದು. ನಮ್ಮ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿದ್ದರು, ನಿಜ. ಆದರೆ ಅದು ಅಂಗಡಿಬೀದಿ. ಮನೆಗಳ ಬೀದಿಯಲ್ಲಿ ಸಂಚಾರ ಪೊಲೀಸರ ಅನುಮತಿ ಪಡೆದು, ಒಂದು ಭಾನುವಾರ ಸುಣ್ಣದ ಗೆರೆ ಎಳೆದು ಪ್ರಯೋಗಿಸಿದರೆ, ಕಾರಿನ ಜಾಗ ಕಳೆದುಕೊಳ್ಳುವವರಿಗೂ ಮಾತನಾಡಲು ಅವಕಾಶ ಸಿಗುತ್ತದೆ.

ಮರಗಳ ಬುಡದವರೆಗೂ ಕಾಂಕ್ರೀಟ್ ಎಂದು ಓದಿ ನೋವಾಯಿತು. ಹೂಕುಂಡಗಳಿಗೆ ಹಣ ಕೂಡಿಸುವ ಮೊದಲು ಆ ಹೊಂಗೆಗಳನ್ನು ಉಳಿಸಿಕೊಳ್ಳಿ. ಬೆಂಗಳೂರಿನ ರಸ್ತೆಗಳಲ್ಲಿಯೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆ ಇದ್ದುದು ಕಂಡುಬಂದಿದೆ. ಯಾವ ಹೂಕುಂಡವೂ ಇಷ್ಟು ತಂಪು ಕೊಡಲಾರದು. ಬುಡ ಮುಚ್ಚಿದಾಗ ಬೇರಿಗೆ ನೀರೂ ಗಾಳಿಯೂ ಸಿಗದೆ ಮರ ಸೊರಗುತ್ತದೆ, ಮಳೆಗಾಲದ ಗಾಳಿಗೆ ಉರುಳುವ ಅಪಾಯವೂ ಹೆಚ್ಚುತ್ತದೆ. ದೆಹಲಿಯ ಮರಗಳ ಸುತ್ತಲಿನ ಒಂದು ಮೀಟರ್‌ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ. ಅನುಮತಿ ಸಿಕ್ಕಮೇಲೆ ಯಂತ್ರ ತರಿಸಬೇಡಿ, ಬೇರುಗಳು ತುಂಡಾಗುತ್ತವೆ. ಕಾಂಕ್ರೀಟನ್ನು ಕೈಯಿಂದಲೇ ಜೋಪಾನವಾಗಿ ಒಡೆಸಿ, ಬುಡದ ಸುತ್ತ ಅಗಲವಾದ ಪಾತಿ ಮಾಡಿಸಿ, ಬಿದ್ದ ತರಗೆಲೆಗಳನ್ನು ಸುಡದೆ ಅದರೊಳಗೇ ಹರಡಿ.